ತೋಳದ ಎಡಕ್ಕೆ ನಿಂತಿದ್ದ ನಾಯಿ

ಇಂಡಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ವಾರವಿಡೀ ಮದುವೆ, ಸೀಮಂತ, ತೊಟ್ಟಿಲು. ಈಗೀಗ ಎಲ್ಲರದೂ ಒಂದೇ ಹಟ: "ಕ್ಯಾಮೆರಾ ಉದ್ದಕ ಹಿಡೀರಿ, ಸ್ಟೇಟಸ್‌ಗೆ ಹಾಕೂದೈತಿ." ಸಿಂದಗಿಯ ಒಂದು ಮದುವೆಯಲ್ಲಿ ಬೀಗರು ಬಿಜ್ಜರು ಸೇರಿ ನಲವತ್ತು ಜನ ಒಂದೇ ಸಾಲಾಗಿ ನಿಂತು ಇದನ್ನೇ ಹೇಳಿದರು. ನಲವತ್ತು ಜನ ಉದ್ದದ ಚಿತ್ರದಲ್ಲಿ ಬರಬೇಕಾದರೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಬೇಕಾಗುತ್ತದೆ ಎಂದೆ. ವರನ ಸೋದರಮಾವ ಊಟದ ತನಕ ನನ್ನ ಜೊತೆ ಮಾತಾಡಲಿಲ್ಲ.

ಈ ಕಿರಿಕಿರಿಗೆ ಮದ್ದೆಂದು ಬಿಡುವಿದ್ದಾಗ ಪ್ರಾಣಿ ಪಕ್ಷಿಗಳ ಹಿಂದೆ ಬೀಳುತ್ತೇನೆ. ಆಲಮಟ್ಟಿ ಹಿನ್ನೀರಿನ ಹಕ್ಕಿಗಳು, ಮುದ್ದೇಬಿಹಾಳದ ಕಡೆ ಕಾಣುವ ಚಿಗರಿ, ಹೊರ್ತಿಯಾಚೆಯ ಕುರುಚಲು ಬಯಲಿನ ತೋಳ. ಇವುಗಳನ್ನು ಅಡ್ಡ ಚೌಕಟ್ಟಿನಲ್ಲೇ ಹಿಡಿಯಬೇಕು ಎಂಬುದು ನನ್ನ ವಾದ. ನಮ್ಮ ಸೀಮೆಯೇ ಅಡ್ಡಡ್ಡ ಮಲಗಿದೆ. ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ, ಎದ್ದು ನಿಂತದ್ದು ಅಂತ ಬೇವಿನ ಮರ ಮತ್ತು ಮೊಬೈಲ್ ಟವರು ಬಿಟ್ಟರೆ ಮತ್ತೊಂದಿಲ್ಲ. ಇಂಥಲ್ಲಿ ಒಂದು ಪ್ರಾಣಿಯನ್ನು ಉದ್ದಕ್ಕೆ ಕತ್ತರಿಸಿ ತೆಗೆದರೆ ಅದು ಎಲ್ಲಿ ನಿಂತಿದೆ, ಯಾರನ್ನು ನೋಡುತ್ತಿದೆ, ಯಾಕೆ ಹೆದರಿದೆ, ಒಂದೂ ತಿಳಿಯುವುದಿಲ್ಲ. ಇದನ್ನು ನಾನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಹೆಂಡತಿಗಂತೂ ಬಾಯಿಪಾಠವಾಗಿತ್ತು. ಶಾಸ್ತ್ರ ಹೇಳೋದು, ಬದನೆಕಾಯಿ ತಿನ್ನೋದು ಅನ್ನುತ್ತಾರಲ್ಲ, ಆ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು.

ಹೋದ ಚಳಿಗಾಲದಲ್ಲಿ ಗೋಡೆ ಕ್ಯಾಲೆಂಡರ್ ಅಚ್ಚುಹಾಕಿಸುವವರೊಬ್ಬರು ಫೋನ್ ಮಾಡಿದರು. ತೋಳದ ಚಿತ್ರ ಬೇಕಂತೆ. ಉದ್ದದ್ದೇ ಬೇಕಂತೆ, ಅಡ್ಡ ಕಳಿಸಿದರೆ ತೆರೆದೂ ನೋಡುವುದಿಲ್ಲವಂತೆ. ಬೈದು ಫೋನಿಟ್ಟೆ. ಬೈದೆನೇ ಹೊರತು, ಆಸೆ ಒಳಗೇ ಕೂತಿತ್ತು.

ಆಗ ಹೊರ್ತಿಯ ಆಚೆ ಒಂದು ಹೊಲದಲ್ಲಿ ಕುರಿ ತರುಬಿದ್ದರು. ನಮ್ಮಲ್ಲಿ ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ಕೂಡಿಸುವ ಪದ್ಧತಿ. ಐದಾರು ಮನೆಗಳ ಕುರಿ ಒಂದೇ ಹಿಂಡಾಗಿರುತ್ತವೆ, ಎಲ್ಲರ ಮೇಲೆ ಒಬ್ಬ ಹಿರಿಯ. ಈ ಹಿಂಡಿನಲ್ಲಿ ಒಬ್ಬ ವಿಧವೆಯ ಮೂವತ್ತು ಕುರಿಗಳಿದ್ದವು. ಜೊತೆಗೆ ಅವಳೇ ಸಾಕಿದ ಒಂದು ಕರಿ ನಾಯಿ. ಬಯಲಲ್ಲಿ ಒಂಟಿಯಾಗಿ ಮಲಗುವ ಹೆಂಗಸಿಗೆ ಅದೇ ಬಾಗಿಲು, ಅದೇ ಚಿಲಕ. ನಾನು ಆ ಕಡೆ ಹೋದಾಗಲೆಲ್ಲ ಅವಳ ಕೈಯ ಚಹಾ ಕುಡಿದೇ ಬರುತ್ತಿದ್ದೆ.

ಒಂದು ಮುಂಜಾನೆ, ಇನ್ನೂ ಮಂಜು ಹರಿಯುವ ಮುಂಚೆ, ನಾನು ಜಾಲಿ ಕಂಟಿಯ ಮರೆಯಲ್ಲಿ ಕೂತಿದ್ದೆ. ಒಂದು ತೋಳ ಕುರಿಮರಿಯ ತೊಡೆ ಕಚ್ಚಿ ಎಳೆದುಕೊಂಡು ಬಂತು. ಹಿಂದೆಯೇ ಕರಿ ನಾಯಿ ನುಗ್ಗಿತು. ತೋಳ ಮರಿಯನ್ನು ಬಿಟ್ಟು, ನಾಲ್ಕು ಮಾರು ಬಲಕ್ಕೆ ಸರಿದು, ನನ್ನ ಕಡೆ ತಿರುಗಿ ನಿಂತಿತು. ಎಡಕ್ಕೆ ನಾಯಿ, ಅದರ ಕಾಲಡಿ ಮರಿ. ಕ್ಯಾಮೆರಾ ಅಡ್ಡವೇ ಇತ್ತು, ಮೂರೂ ಅದರೊಳಗೆ ಸರಿಯಾಗಿ ಕೂತಿದ್ದವು. ನಾನು, ಈ ಮಹಾಶಯ, ಕ್ಯಾಮೆರಾ ಉದ್ದಕ್ಕೆ ತಿರುಗಿಸಿದೆ. ಕಿವಿಯಿಂದ ಪಂಜದವರೆಗೆ ಬರೀ ತೋಳ. ಹನ್ನೊಂದು ಚಿತ್ರ. ಆಮೇಲೆ ತೋಳ ಓಡಿತು. ನಾಯಿ ಮರಿಯ ಗಾಯ ನೆಕ್ಕುತ್ತಿತ್ತು. ಅದನ್ನು ನೋಡಿಯೂ ನೋಡದವನಂತೆ, ಪರದೆಯ ಮೇಲಿನ ತೋಳವನ್ನು ಮೆಚ್ಚಿಕೊಳ್ಳುತ್ತ ಊರಿಗೆ ಬಂದುಬಿಟ್ಟೆ.

ನಾಲ್ಕನೆಯ ದಿನ ಆ ಹೆಂಗಸು ಸ್ಟುಡಿಯೋಕ್ಕೆ ಬಂದಳು. ಕೂಡ್ರಲಿಲ್ಲ.

"ಅವತ್ತ ನೀವು ಅಲ್ಲೇ ಫೋಟೋ ಹೊಡ್ಯಾಕತ್ತಿದ್ರಿ, ದೂರದಿಂದ ನಾ ನೋಡೇನಿ, ಮಂಜಿನ್ಯಾಗ ತೋಳ ಕಾಣಲಿಲ್ರಿ. ಮರಿ ಸತ್ತೈತ್ರಿ. ನನ್ನ ನಾಯೀ ಬಾಯಾಗ ರಕ್ತ ಇತ್ತು, ಅದ ಕೊಂದೈತಿ ಅಂತಾರ. ರುಚಿ ಹತ್ತಿದ ನಾಯಿ ಹಿಂಡಿನ್ಯಾಗ ಇರಬಾರದಂತ. ಹೊಳಿ ಆಚೆ ಬಿಟ್ಟ ಬರ್ತಾರಂತ. ನೀವೊಂದ ಫೋಟೋ ತೋರಸಿದ್ರ ಹಿರ್ಯಾ ಒಪ್ತೇನಿ ಅಂದಾನ್ರಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಚಿತ್ರಗಳನ್ನೆಲ್ಲ ಫೋನಿಗೆ ಹಾಕಿಕೊಂಡು, ಅವಳನ್ನು ವ್ಯಾನಿನಲ್ಲಿ ಕೂಡಿಸಿಕೊಂಡು ಹೊಲಕ್ಕೆ ಹೋದೆ. ಬಾಯಿ ಇದೆಯಲ್ಲ, ಹೇಳಿದರಾಯಿತು ಅಂದುಕೊಂಡೆ.

ಕಂಡದ್ದನ್ನೆಲ್ಲ ಹೇಳಿದೆ. ಹಿರಿಯ ಕೊನೆಯವರೆಗೂ ಕೇಳಿದ. ಆಮೇಲೆ ಫೋನ್ ಇಸಕೊಂಡು, ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

"ಇದರ ಬಾಯಿ ಸ್ವಚ್ಛ ಐತಲ್ರಿ," ಎಂದ.

ಹೌದು, ಸ್ವಚ್ಛವಾಗಿತ್ತು; ರಕ್ತವೆಲ್ಲ ಮರಿಯ ಉಣ್ಣೆಗೇ ಒರೆಸಿಹೋಗಿತ್ತೋ ಏನೋ. ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ನಿಚ್ಚಳವಾಗಿ ತೆಗೆದಿದ್ದೆ, ರಕ್ತದ ಒಂದು ಹನಿ ಕಾಣುತ್ತಿರಲಿಲ್ಲ. ಮರಿ ಕಾಣುತ್ತಿರಲಿಲ್ಲ. ನಾಯಿಯೂ ಕಾಣುತ್ತಿರಲಿಲ್ಲ. ನಾಯಿಯನ್ನು ಉಳಿಸಲೆಂದು ತಂದ ಚಿತ್ರವೇ ಅದರ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

"ನಾ ಕಣ್ಣಾರೆ ನೋಡೇನ್ರಿ!" ಎಂದು ಕೂಗಿಯೇಬಿಟ್ಟೆ.

"ನೀವು ಹೇಳೂದು ಖರೇನ ಇರಬೋದು. ಬಾಯಿಮಾತಿಗೆ ನಾಯಿ ಇಟ್ಕೊಂಡ್ರ, ನಾಳೆ ಎಲ್ಲಾರೂ ತಮ್ಮ ತಮ್ಮ ನಾಯಿಗೆ ಒಬ್ಬೊಬ್ಬ ಸಾಕ್ಷಿ ಕರ್ಕೊಂಡ ಬರ್ತಾರ್ರಿ."

ಅವನ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅದೇ ಇನ್ನೂ ಸಿಟ್ಟು ತರಿಸಿತು. ಸಿಟ್ಟು ಅವನ ಮೇಲಲ್ಲ.

ಹೆಂಗಸು ಫೋನ್ ತನ್ನ ಕೈಗೆ ತೆಗೆದುಕೊಂಡಳು. ಚಿತ್ರದ ಮೇಲೆ ಬೆರಳಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಅಲ್ಲಿ ಉಳಿದ ಹೊಲವೂ ನಾಯಿಯೂ ಇರುತ್ತವೆಂದು ಅವಳು ನಂಬಿದ್ದಳು. ಮತ್ತೊಂದು ತೋಳ ಬಂತು. ಮತ್ತೆ ಸರಿಸಿದಳು. ಹನ್ನೊಂದೂ ಮುಗಿದವು.

"ನನ್ನ ನಾಯಿ ಎಲ್ಲಿ ನಿಂತಿತ್ರಿ ಇದರಾಗ?"

"ಇಲ್ಲಿ," ಎಂದು ಫೋನಿನ ಅಂಚಿನಾಚೆ, ಗಾಳಿಯಲ್ಲಿ ಬೆರಳಿಟ್ಟು ತೋರಿಸಿದೆ. ನಾಚಿಕೆಯಿಂದ ಸಾಯುವಂತಾಯಿತು.

ಅವಳು ಆ ಬೆರಳನ್ನು ನೋಡಿದಳು. ಫೋನ್ ನನ್ನ ಕೈಗಿಟ್ಟು ಹೋಗಿ ನಾಯಿಗೆ ಅರ್ಧ ರೊಟ್ಟಿ ಹಾಕಿದಳು. ಅದು ತಿನ್ನುತ್ತಿರುವಾಗಲೇ ಕೊರಳಿಗೆ ಹಗ್ಗ ಬಿಗಿದು, ತುದಿಯನ್ನು ತಂದು ನನ್ನ ಕೈಗೆ ಕೊಟ್ಟಳು.

"ಇದರದು ತಪ್ಪಿಲ್ಲಂತ ನೋಡಿದವ್ರು ನೀವೊಬ್ರ ಅದೀರಿ. ಒಯ್ದು ನೀವ ಇಟ್ಕೋರಿ."

ವ್ಯಾನಿನಲ್ಲಿ ನಾಯಿ ಸದ್ದು ಮಾಡದೆ ಕೂತಿತ್ತು. ಹಿಂತಿರುಗಿ ನೋಡಿದೆ. ಹಿಂಡಿನ ಅಂಚಿನಲ್ಲಿ, ದಿನಾಲೂ ಅದು ಮಲಗುತ್ತಿದ್ದ ಜಾಗಕ್ಕೆ, ಅವಳು ತನ್ನ ಕಂಬಳಿ ಎಳೆದುಕೊಳ್ಳುತ್ತಿದ್ದಳು.