ಸಾವಿತ್ರವ್ವ ಮತ್ತು ಸಾರಿನ ಹಂಡೆ

ಮೂಡಲಗಿ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಸಾವಿತ್ರವ್ವ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಎಲ್ಲೋ ದೂರದ ಊರಿನಲ್ಲಿ ಸಾರಿಗೆ ಹಲ್ಲಿ ಬಿದ್ದು ಮಕ್ಕಳು ಆಸ್ಪತ್ರೆ ಸೇರಿದ್ದನ್ನು ಟೀವಿಯಲ್ಲಿ ನೋಡಿದ ಮೇಲೆ ಅವಳಿಗೆ ನೆಮ್ಮದಿ ಇಲ್ಲದಾಯಿತು. ಹಂಡೆಯ ಮುಚ್ಚಳ ತೆಗೆದು ನೋಡುವಳು, ಮುಚ್ಚುವಳು. ಒಲೆಯ ಕಡೆ ತಿರುಗುವಷ್ಟರಲ್ಲಿ ಸರಿಯಾಗಿ ನೋಡಿದೆನೋ ಇಲ್ಲವೋ ಎನ್ನಿಸಿ ಮತ್ತೆ ತೆಗೆಯುವಳು. ಮನೆಗೆ ಬಂದರೆ, ಮಕ್ಕಳಿಗೆ ಏನೋ ಆಯಿತೆಂದು ಕರೆ ಬಂದೀತೆಂದು ಫೋನಿನ ಮೇಲೇ ಕಿವಿ. ಊಟ ಸೇರದು, ಎದೆ ಡವಡವ. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡು ದಿನ ದೂಡಿದಳು.

ಒಂದು ದಿನ ಮಕ್ಕಳು ತಾಟು ಹಿಡಿದು ಕೂತಾಗಲೇ ಸಾರಿನಲ್ಲಿ ಕಪ್ಪಗೆ ಏನೋ ತೇಲಿತು. ಜೊತೆಗಾತಿ ಶಿವವ್ವ ಓಡಿ ಬರುವಷ್ಟರಲ್ಲಿ ಸಾವಿತ್ರವ್ವ ಹಂಡೆಯನ್ನೇ ಮೋರಿಗೆ ಬಗ್ಗಿಸಿದ್ದಳು. ಮೋರಿಯ ಬಾಯಲ್ಲಿ ಸಿಕ್ಕಿದ್ದು ಹುಣಸೆಹಣ್ಣಿನ ಸಿಪ್ಪೆ. ಮಕ್ಕಳು ಅನ್ನಕ್ಕೆ ಎಣ್ಣೆ, ಚಟ್ನಿಪುಡಿ ಕಲಸಿಕೊಂಡು ಉಂಡರು.

ಮುಖ್ಯ ಶಿಕ್ಷಕಿ ನೇತ್ರಾ ಬೈಯಲಿಲ್ಲ. "ದಿನಾ ಎಷ್ಟ್ ಸಲ ಮುಚ್ಚಳಾ ತೆಗೀತೀರಿ, ನಾನೂ ನೋಡಾಕತ್ತೇನಿ. ನಾಳಿ ಗೋಕಾಕಕ್ಕ ಹೋಗಿ ಡಾಕ್ಟರ್‌ಗೆ ತೋರ್ಸ್ಕೊಂಡ್ ಬರ್ರಿ."

ಗೋಕಾಕದ ಡಾಕ್ಟರು ಅವಳ ಮಾತೆಲ್ಲ ಕೇಳಿ, ಇಸಿಜಿ ನೋಡಿ, "ಎದಿಯಾಗ ಏನೂ ತೊಂದ್ರಿ ಇಲ್ರಿ. ಕಾಳಜಿ ಮಿತಿ ದಾಟೇತಿ. ಮುಚ್ಚಳಾ ತೆಗದ್ರ ಸಮಾಧಾನ ಆಗ್ತೈತೇನು?" ಎಂದರು.

"ಆಗ್ತೈತ್ರಿ. ಒಂದ್ ಗಳಿಗಿ ಅಷ್ಟ."

"ಆ ಗಳಿಗಿ ಸಮಾಧಾನಾನ ನಿಮ್ನ ಮತ್ತ ಮತ್ತ ಕರೀತೈತಿ. ಒಮ್ಮೆ ನೋಡ್ರಿ, ಸಾಕು. ಆಮ್ಯಾಲ ಎದಿ ಹೊಡ್ಕೊಂಡ್ರ ಹೊಡ್ಕೊಳ್ಳಿ, ಉಸಿರು ಸಾವಕಾಶ ಬಿಡ್ರಿ. ತಾನ ಇಳೀತೈತಿ. ಚಾ ಕಡಿಮಿ ಮಾಡ್ರಿ. ಮುಂದಿನ ತಿಂಗಳ ಮತ್ತ ಬರ್ರಿ."

ಅಂದಿನಿಂದ ಸಾವಿತ್ರವ್ವ, ಶಿವವ್ವ ಇಬ್ಬರೂ ಕೂಡಿ ಹಂಡೆಯನ್ನು ಒಮ್ಮೆ ಮಾತ್ರ ನೋಡತೊಡಗಿದರು. "ನೋಡಿದ್ವಿ" ಎಂದು ಶಿವವ್ವ ಮುಚ್ಚಿಬಿಡುವಳು. ಸಾವಿತ್ರವ್ವ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂರುವಳು. ಮೊದಮೊದಲು ಕೆಂಡದ ಮೇಲೆ ಕೂತಂತಿತ್ತು. ಬರಬರುತ್ತ, ಕೆಲವು ದಿನ, ಊಟದ ಗಂಟೆಗೆ ಮುಂಚೆಯೇ ಎದೆ ತಣ್ಣಗಾಗುತ್ತಿತ್ತು. ಎಲ್ಲ ದಿನವೂ ಅಲ್ಲ.

"ಇವತ್ತ ನೀ ಹೊರಗ ಹೋದಾಗ ಕಳುವಿಲೆ ಮುಚ್ಚಳಾ ತೆಗದ್ ನೋಡ್ದೆ, ಶಿವವ್ವಾ," ಎಂದಳು ಒಂದು ಮಧ್ಯಾಹ್ನ, ಸೋತ ದನಿಯಲ್ಲಿ.

"ಇರ್ಲಿ ಬಿಡಕ್ಕಾ. ನಿನ್ನಿ ತೆಗದಿರ್ಲಿಲ್ಲಲಾ."

ಅಕ್ಕಿಯ ಚೀಲಕ್ಕೆ ಒರಗಿದ ಸಾವಿತ್ರವ್ವನಿಗೆ ಹಾಗೇ ಜೊಂಪು ಹತ್ತಿತು. ಶಿವವ್ವ ಸದ್ದಾಗದಂತೆ ಪಾತ್ರೆಗಳನ್ನು ಹೊರಗೆ ಒಯ್ದಳು.