ನಡುವಿನ ಡ್ರಮ್

ಬೆಳಿಗ್ಗೆ ಕಾಫಿಗೂ ಮೊದಲು ನಾನು ಡ್ರಮ್ ಬಾರಿಸುತ್ತೇನೆ. ಮೊದಮೊದಲು ಎರಡೇ ಇದ್ದವು, ಸಣ್ಣದು ಮತ್ತು ದೊಡ್ಡದು. ಎರಡರ ಸ್ವರವೂ ಬೇರೆ ಬೇರೆಯಾಗಿ ಕೇಳಿಸಿದರೆ "ಥ್ಯಾಂಕ್ ಗಾಡ್" ಎಂದು ಕಡ್ಡಿ ಕೆಳಗಿಟ್ಟು ಹಾಲು ಕಾಯಿಸಲು ಹೋಗುತ್ತಿದ್ದೆ. ಕೊಟ್ಟೂರಿನ ನಮ್ಮ ಓಣಿಯವರಿಗೆ ಇದು ರೂಢಿಯಾಗಿದೆ. ಹೊಸದಾಗಿ ಬಾಡಿಗೆಗೆ ಬಂದವರು ಮಾತ್ರ, ಯಾರ ಮನೆಯಲ್ಲಿ ಪೂಜೆ ಎಂದು ಕೇಳುತ್ತಾರೆ.

ದಾವಣಗೆರೆಯ ಕಿವಿ ಡಾಕ್ಟರನ್ನು ಕಂಡುಬಂದ ಮೇಲೆ ಶುರುವಾದ ಅಭ್ಯಾಸ ಇದು. ನನ್ನ ಎರಡೂ ಕಿವಿ ನಿಧಾನವಾಗಿ ಹೋಗುತ್ತಿವೆಯಂತೆ. "ಮಷೀನ್ ಹಾಕಿದರೆ ಮಾತು ಕೇಳಿಸುತ್ತದೆ ಮೇಡಂ. ಮ್ಯೂಸಿಕ್ ಬಗ್ಗೆ ಮಾತ್ರ ಪ್ರಾಮಿಸ್ ಮಾಡಲಾರೆ" ಎಂದರು. ಸದ್ದು ಉಳಿಯುತ್ತದೆ, ಒಂದು ಸ್ವರಕ್ಕೂ ಪಕ್ಕದ ಸ್ವರಕ್ಕೂ ಇರುವ ವ್ಯತ್ಯಾಸ ಅಳಿಸುತ್ತ ಹೋಗುತ್ತದೆ. ಕುಕ್ಕರಿನ ಸೀಟಿ ಆಗಲೇ ಹೋಗಿತ್ತು, ಅದಕ್ಕೆ ನಾನೇನೂ ಅತ್ತವಳಲ್ಲ. ಡ್ರಮ್ಮಿನ ಮಾತು ಬೇರೆ.

ಕಾನ್ವೆಂಟಿನಲ್ಲಿ ಮಾರ್ಚ್‌ಪಾಸ್ಟಿಗೆ ಸೈಡ್ ಡ್ರಮ್ ಬಾರಿಸುತ್ತಿದ್ದವಳು ನಾನು. ಬ್ಯಾಂಡ್ ಕಲಿಸುತ್ತಿದ್ದ ಸಿಸ್ಟರ್ ಡ್ರಮ್ಮಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿ, ಅಂಚಿಗೆ ಬೆರಳಿನಿಂದ ತಟ್ಟಿ, "ಲಿಸನ್ ಫಸ್ಟ್, ಚೈಲ್ಡ್. ಹಿಟ್ ಲೇಟರ್" ಎನ್ನುತ್ತಿದ್ದರು. ಮದುವೆಯಾಗಿ ಈ ಕಡೆ ಬಂದ ಮೇಲೆ ಸೊಸೆಯಾದವಳು ಡ್ರಮ್ ಬಾರಿಸುವುದೆಂದರೇನು? ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತ ಟೇಬಲ್ಲಿನ ಮೇಲೆ ಬೆರಳು ಆಡಿಸಿಕೊಂಡಿದ್ದೆ, ಅಷ್ಟೆ.

ರಿಟೈರ್ ಆದ ಮೇಲೆ ಡ್ರಮ್ ಕೊಳ್ಳಲು ಹತ್ತಿದೆ. ಹೊಸದನ್ನಲ್ಲ. ಒಂದು ಕಾಲಕ್ಕೆ ನಮ್ಮ ಸುತ್ತಿನ ಊರುಗಳಲ್ಲೆಲ್ಲ ಆರ್ಕೆಸ್ಟ್ರಾದವರಿದ್ದರು. ಡಿಜೆ ಬಂದು ಅವರ ಸಾಮಾನೆಲ್ಲ ಅಟ್ಟ ಸೇರಿತ್ತು. ಸ್ನೇರ್ ಡ್ರಮ್ ಹಡಗಲಿಯ ಮದುವೆ ಬ್ಯಾಂಡಿನವರ ಮನೆಯಲ್ಲಿ ಸಿಕ್ಕಿತು. ಹಗರಿಬೊಮ್ಮನಹಳ್ಳಿಯ ಶಾಮಿಯಾನ ಅಂಗಡಿಯವರು ಬೇಸ್ ಡ್ರಮ್ಮನ್ನು ಅಡ್ಡ ಮಲಗಿಸಿ, ಮೇಲೊಂದು ಹಲಗೆ ಹಾಕಿ, ಅದರ ಮೇಲೆ ಮಿರ್ಚಿ ಮಂಡಕ್ಕಿ ಇಟ್ಟುಕೊಂಡು ತಿನ್ನುತ್ತಿದ್ದರು. ಹರಪನಹಳ್ಳಿಯಲ್ಲಿ ಸಿಕ್ಕವು ತಿರುಗಣಿಗಳು.

ತಿರುಗಣಿ ಎಂಬುದು ನಮ್ಮ ಮನೆಯಲ್ಲಿ ಇಟ್ಟುಕೊಂಡ ಹೆಸರು. ಹೊಟ್ಟೆಯೇ ಇಲ್ಲದ ಡ್ರಮ್ ಅದು. ಲೋಹದ ಚೌಕಟ್ಟಿನ ಮೇಲೆ ಬಿಳಿ ಹಾಳೆ ಬಿಗಿದಿರುತ್ತದೆ, ಕೆಳಗೆ ನಡುವಿನಲ್ಲಿ ಸ್ಕ್ರೂ ಕಂಬಿ. ಇಡೀ ಡ್ರಮ್ಮನ್ನು ಬಲಕ್ಕೆ ತಿರುಗಿಸಿದರೆ ಹಾಳೆ ಬಿಗಿಯಾಗಿ ಸ್ವರ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಒಂದು ಸ್ಟ್ಯಾಂಡಿಗೆ ಮೂರು ಇರಬೇಕು. ನನಗೆ ಸಿಕ್ಕದ್ದು ಸಣ್ಣದು ಮತ್ತು ದೊಡ್ಡದು, ಬೆಳಿಗ್ಗೆ ಬಾರಿಸುತ್ತಿದ್ದದ್ದು ಇವೇ ಎರಡು. ನಡುವಿನ ಜಾಗ ಖಾಲಿಯಿತ್ತು.

ನಮ್ಮ ಜೊತೆಗಿರುವ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ತವರಿಗೆ ಹೋಗಿಬಂದು ಒಂದು ದಿನ ಚೀಲ ಕೆಳಗಿಡುವ ಮೊದಲೇ ಹೇಳಿದಳು. "ಅಕ್ಕ, ನಿನ್ನ ಮೂರನೇ ತಿರುಗಣಿ ಹೊಸಹಳ್ಳಿ ಕಡೆ ಒಂದು ಅಮ್ಮನ ಗುಡ್ಯಾಗ ಐತಿ. ಮಂಗಳಾರತಿಗೆ ಬಡೀತಾರ. ನಾನs ಕಣ್ಣಾರೆ ನೋಡೀನಿ."

ಒಂದು ಗಳಿಗೆ ಹಿಗ್ಗಿದೆ. ಮರುಗಳಿಗೆ ಹಿಗ್ಗು ಇಳಿಯಿತು. ಸಣ್ಣದಕ್ಕೂ ದೊಡ್ಡದಕ್ಕೂ ಸ್ವರದಲ್ಲಿ ಬಹಳ ದೂರ. ಅಷ್ಟು ದೂರದ ಎರಡನ್ನು ಅರೆಕಿವುಡಿಯೂ ಗುರುತಿಸಿಯಾಳು. ದಿನವೂ ನಾನು ಪಾಸಾಗುತ್ತಿದ್ದದ್ದು ಈಸಿ ಪೇಪರಿನಲ್ಲಿ. ನಡುವಿನದು ಬಂದರೆ ನನ್ನ ಕಿವಿಯ ನಿಜ ಹೊರಗೆ ಬರುತ್ತದೆ.

ಹೋಗದೆ ಇರಲೂ ಆಗಲಿಲ್ಲ. ಕೂಡ್ಲಿಗಿಯ ಬಸ್ಸಿನಲ್ಲಿ ನಾನು ಸುಮ್ಮನೆ ಕೂತದ್ದನ್ನು ಕಂಡು ನೆಗೆಣ್ಣಿ ಕೆಣಕಿದಳು. "ದೇವರ ಸಾಮಾನು ತಂದು ಇದ್ದ ಕಿವೀನೂ ಹೋದ್ರ ನನ್ನ ಮ್ಯಾಲೆ ಹಾಕಬ್ಯಾಡವಾ. ಈಗs ಎರಡು ಸಲ ಕೂಗಿದ್ರ ಒಂದು ಸಲ ಓ ಅಂತಿ."

"ಶಟಪ್" ಎಂದೆ.

"ಅದೊಂದು ಮಾತ್ರ ಛಲೋ ಬರ್ತೈತಿ ನಿನಗ."

ಗುಡಿ ನೋಡಿಕೊಳ್ಳುವವಳು ಕುರಿ ಸಾಕುವ ಮನೆತನದ ಹಿರಿಯಳು, ಹೆಚ್ಚುಕಡಿಮೆ ನನ್ನ ವಯಸ್ಸು. ಅವಳ ಮೈದುನ ಆರ್ಕೆಸ್ಟ್ರಾದಲ್ಲಿದ್ದನಂತೆ. ಮುರಿದ ಕೈ ಕೂಡಿದ್ದಕ್ಕೆ ಈ ಡ್ರಮ್ಮನ್ನು ಅಮ್ಮನಿಗೆ ಒಪ್ಪಿಸಿದ್ದ. ಚೌಕಟ್ಟಿನ ತುಂಬ ಭಂಡಾರದ ಅರಿಸಿನ ಮೆತ್ತಿತ್ತು. ನಾನು ಟೀಚರ್ ಆಗಿದ್ದವಳೆಂದು ನೆಗೆಣ್ಣಿ ಹೇಳಿದ್ದೇ ಆಕೆ ಸೆರಗು ಸರಿಮಾಡಿಕೊಂಡಳು.

"ಇದು ಮಾರೋ ವಸ್ತು ಅಲ್ರಿ ಅಕ್ಕಾರ. ಅಮ್ಮನ್ನ ಕೇಳಬೇಕು. ಬಲಗಡೆ ಹೂವು ಕೊಟ್ಳಂದ್ರ ಒಯ್ರಿ, ಎಡಕ್ಕ ಕೊಟ್ಳಂದ್ರ ಕೈ ಮುಗುದು ಹೋಗ್ರಿ. ಒಯ್ದ್ರೂ ಗುಡಿ ದನಿ ಖಾಲಿ ಬಿಡಂಗಿಲ್ಲ. ಅದರ ಬದ್ಲಿ ಒಂದು ದನಿ ಇಡಬೇಕು."

ಇದು ನೆಗೆಣ್ಣಿಗೆ ಗೊತ್ತಿದ್ದದ್ದೇ. ಚೀಲದಿಂದ ಹೊಸ ಜಾಗಟೆ ತೆಗೆದು ಹೊಸ್ತಿಲ ಮೇಲೆ ಇಟ್ಟಳು.

ಗುಡಿಯಾಕೆ ಎರಡು ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ, ದೇವಿಯ ಎರಡೂ ಭುಜಕ್ಕೆ ಅಂಟಿಸಿ ಪಕ್ಕಕ್ಕೆ ಸರಿದು ಕೂತಳು. ಕಾಯುವುದಷ್ಟೇ ಇನ್ನು. ಬಲದ ಹೂವು ಸ್ವಲ್ಪ ಜಾರಿ ನಿಂತಿತು. ಕಾನ್ವೆಂಟಿನ ಪ್ರೇಯರ್‌ಗಳೂ ನೆನಪಾಗಲಿಲ್ಲ, ಅತ್ತೆಯವರು ಕಲಿಸಿದ ಸ್ತೋತ್ರವೂ ಬರಲಿಲ್ಲ. ಒಂದೇ ಮಾತು ಬಾಯೊಳಗೆ ತಿರುಗುತ್ತಿತ್ತು: ಎಡಕ್ಕೆ ಕೊಡು ತಾಯಿ, ಎಡಕ್ಕೆ ಕೊಡು. ವರ್ಷಗಟ್ಟಲೆ ಹುಡುಕಿದ ವಸ್ತುವಿನ ಮುಂದೆ ಕೂತು, ಅದು ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಹೂವು ಬಲಕ್ಕೆ ಬಿತ್ತು.

"ಪಡೆದು ಬಂದೀರಿ, ಅಕ್ಕಾರ!" ಎಂದು ಆಕೆ ಆ ಹೂವನ್ನೇ ನನ್ನ ಮುಡಿಗೆ ಸಿಕ್ಕಿಸಿದಳು. ನೆಗೆಣ್ಣಿ ಜಾಗಟೆಗೆ ಮೊದಲ ಪೆಟ್ಟು ಹಾಕಿದಳು. ನಾನು ನಕ್ಕೆ ಎಂದುಕೊಂಡಿದ್ದೇನೆ.

ಮನೆಗೆ ತಂದು ಭಂಡಾರ ಒರೆಸದೆ ಕಂಬಿಗೆ ಮಾತ್ರ ಎಣ್ಣೆ ಬಿಟ್ಟೆ. ಮಾರನೆಯ ದಿನ ಸ್ಟ್ಯಾಂಡಿಗೆ ಏರಿಸಿ, ಸ್ವರ ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯದೆ ಹಾಳೆಯ ಬಿಗಿಯನ್ನು ಬೆರಳಿನಿಂದಲೇ ಅಂದಾಜು ಮಾಡಿದೆ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು, ಒಂದೊಂದೇ ಬಾರಿಸು ಎಂದು ನೆಗೆಣ್ಣಿಗೆ ಹೇಳಿದೆ.

"ಇದು ಯಾವುದು?"

"ದೊಡ್ಡದು."

"ಇದು?"

"ಸಣ್ಣದು."

"ಈಗ?"

"ಅದನ್ನೇ ಮತ್ತೆ ಬಾರಿಸಿದೆಯಲ್ಲ?"

ತಿರುಗಿ ನೋಡಿದೆ. ಕಡ್ಡಿ ನಡುವಿನದರ ಮೇಲಿತ್ತು. ಹತ್ತಿರದ ಕುರ್ಚಿ ಹಿಡಿದು ಕೂತೆ.

ನೆಗೆಣ್ಣಿ ನಡುವಿನದರ ಅಂಚು ಹಿಡಿದಳು. "ತಿರುಗಣಿ ಅಲ್ಲೇನು ಇದು? ತಿರುಗಿಸಿದ್ರಾತು." ನಡುವಿನದನ್ನು ಎಡಕ್ಕೆ ತಿರುಗಿಸಿ ಬಾರಿಸಿದಳು. "ಈಗ?" ಇಲ್ಲ ಎಂದೆ. ಮತ್ತೆ ತಿರುಗಿಸಿದಳು. "ಈಗರೆ?" ಸಣ್ಣದರಿಂದ ಅದು ಬೇರೆಯಾಗುವ ಹೊತ್ತಿಗೆ ದೊಡ್ಡದರ ಜೊತೆ ಕಲಸಿಹೋಯಿತು. ಆಗ ದೊಡ್ಡದನ್ನೂ ಇಳಿಸಿದಳು, ಸಣ್ಣದನ್ನು ಇನ್ನಷ್ಟು ಏರಿಸಿದಳು. ಕೊನೆಗೆ ಮೂರೂ ಮೂರಾಗಿ ಕೇಳಿಸಿದವು. ಸಿಸ್ಟರ್ ಇದ್ದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಈಗ ಬೆಳಿಗ್ಗೆ ಮೂರನ್ನೂ ಬಾರಿಸುತ್ತೇನೆ. ದೊಡ್ಡದರ ಹಾಳೆ ಸಡಿಲಾಗಿ ಕಡ್ಡಿ ಬಿದ್ದಲ್ಲಿ ಅದುರುತ್ತದೆ. ಇನ್ನು ಇಳಿಸಿದರೆ ಸ್ವರವೇ ಇರುವುದಿಲ್ಲ. ಸಣ್ಣದನ್ನು ಇನ್ನು ಏರಿಸಿದರೆ ಹಾಳೆ ಹರಿಯುತ್ತದೆ. ತಿರುಗಿಸಲು ಉಳಿದಿರುವುದು ಸ್ವಲ್ಪವೇ.

ಈವತ್ತು ನಡುವಿನದನ್ನು ಬಾರಿಸಿ ಸುಮ್ಮನೆ ನಿಂತೆ. ಮತ್ತೊಮ್ಮೆ ಬಾರಿಸಿದೆ. ಅಡುಗೆಮನೆಯಿಂದ ಕೂಗು ಬಂತು. "ತಿರುಗಿಸಬೇಕೇನಕ್ಕ?"

"ಬ್ಯಾಡ. ಗೊತ್ತಾಗ್ತೈತಿ."

ನೆಗೆಣ್ಣಿ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡಳು. "ಹಂಗಾದ್ರ ಗ್ವಾಡಿ ಕಡೆ ತಿರುಗು."

ತಿರುಗಿ ನಿಂತೆ.