ದೊಡ್ಡಮ್ಮ ನೋಡದ ಕ್ಲೈಮ್ಯಾಕ್ಸ್

ಹೀರೋ ಹೊಳೆಯ ಪ್ರವಾಹದಲ್ಲಿ ಕೊಚ್ಚಿಕೊಂಡು ಹೋದ. ನಮ್ಮ ದೊಡ್ಡಮ್ಮ ಎದ್ದು ಸೆರಗು ಕೊಡವಿ, ಚೀಲ ಹುಡುಕತೊಡಗಿದರು.

"ಬಸ್ಸಿಗೆ ಹೊತ್ತಾಯ್ತದೆ ಕಣವ್ವ, ನಡಿ."

ಇದು ನಡೆದದ್ದು ಕನಕಪುರದ ಒಂದು ಪುಟ್ಟ ಚರ್ಚಿನ ಹಾಲ್‌ನಲ್ಲಿ. ನನ್ನ ಜೊತೆ ಪಾಠ ಮಾಡುವ ಸ್ಟೆಲ್ಲಾ ಟೀಚರ್, "ಭಾನುವಾರ ಮಧ್ಯಾಹ್ನ ನಮ್ಮ ಪಾಸ್ಟರ್ ಸಿನಿಮಾ ಹಾಕ್ತಾರೆ. ಮಧ್ಯೆ ಮಧ್ಯೆ ನಿಲ್ಲಿಸಿ ನಂಬಿಕೆ, ನಿತ್ಯಜೀವ ಅಂತ ಪಾಠ ಹೇಳ್ತಾರೆ, ಬನ್ನಿ" ಅಂದಿದ್ದಳು. (ಸಿನಿಮಾ ಅಂದರೆ ನಾನು ಯಾವ ದೇವರ ಮನೆಗಾದರೂ ಹೋಗುತ್ತೇನೆ.) ಅವತ್ತು ಮರಳವಾಡಿಯಿಂದ ದೊಡ್ಡಮ್ಮ ಬಂದಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರು ಊರು ಬಿಟ್ಟು ಹೊರಟದ್ದೇ ಅದು ಮೊದಲು. ಕರೆದುಕೊಂಡು ಹೋದೆ.

ಹಳೇ ಕನ್ನಡ ಸಿನಿಮಾ. ಅದರಲ್ಲಿ ಯೇಸುವಿನ ಹೆಸರೇ ಇಲ್ಲ. ಆದರೂ ಪಾಸ್ಟರ್ ಬಿಡಬೇಕಲ್ಲ? ಇಂಟರ್‌ವಲ್‌ನಲ್ಲೇ ನಿಲ್ಲಿಸಿ, ಸತ್ತ ಮೇಲೂ ಒಂದು ಬದುಕಿದೆ, ಅಗಲಿದವರು ಅಲ್ಲಿ ಸಿಗುತ್ತಾರೆ ಅಂದಿದ್ದರು. ದೊಡ್ಡಮ್ಮ ಕಣ್ಣು ಮಿಟುಕಿಸದೆ ಕೇಳಿದ್ದರು.

ಈಗ ಎದ್ದು ನಿಂತವರನ್ನು ನೋಡಿ ಪಾಸ್ಟರ್, "ಕೊನೇದು ನೋಡ್ಕೊಂಡು ಹೋಗಿ ಅಮ್ಮ, ಅದರಲ್ಲೇ ಇರೋದು ವಿಷಯ" ಅಂದರು.

"ನೋಡಿವ್ನಿ ಕಣಪ್ಪ. ಯಜಮಾನ್ರ ಜೊತೆ, ಇದೇ ಊರ ಟಾಕೀಸಲ್ಲಿ. ಅವ್ನು ಬದುಕ್ಕಂಡು ವಾಪಸ್ ಬತ್ತಾನೆ."

ಪಾಸ್ಟರ್ ಸ್ಟೆಲ್ಲಾ ಮುಖ ನೋಡಿದರು. ಸ್ಟೆಲ್ಲಾ ನನ್ನ ಮುಖ ನೋಡಿದಳು.

ನಮ್ಮ ಕಡೆ ಹಳ್ಳಿಯವರಿಗೆ ಇದು ಅರ್ಥವಾಗುತ್ತದೆ. ಮ್ಯಾಟ್ನಿ ಬಿಡುವ ಮೊದಲೇ ಊರಿನ ಕೊನೆ ಬಸ್ಸು ಹೊರಡುತ್ತಿತ್ತು. ಕೊನೆಯ ಫೈಟಿಂಗ್ ಶುರುವಾಯಿತೋ, ಎದ್ದು ಓಡುವುದು ರೂಢಿ. ಪರದೆಯ ಮೇಲೆ 'ಶುಭಂ' ನೋಡಿದವರೇ ಕಡಿಮೆ. ಉಳಿದ ಕಥೆಯನ್ನು ಬಸ್ಸಿನಲ್ಲಿ ನಾವೇ ಮುಗಿಸಿಕೊಳ್ಳುತ್ತಿದ್ದೆವು. ದೊಡ್ಡಪ್ಪನ ಜೊತೆ ಈ ಸಿನಿಮಾಕ್ಕೆ ಬಂದ ದಿನವೂ ಹಾಗೇ ಅರ್ಧಕ್ಕೆ ಎದ್ದು, ಬಸ್ಸಿನಲ್ಲಿ ದೊಡ್ಡಮ್ಮ ಅಳುತ್ತಿದ್ದರಂತೆ. ದೊಡ್ಡಪ್ಪ ಕಡಲೆಕಾಯಿ ಬಿಡಿಸಿ ಕೊಡುತ್ತಾ, "ಬತ್ತಾನೆ, ಸುಮ್ಕಿರು" ಅಂದರಂತೆ. ಅಷ್ಟೇ. ದೊಡ್ಡಮ್ಮನ ಪಾಲಿಗೆ ಹೀರೋ ಬಂದಾಯಿತು. (ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ಅವರೇ ಹೇಳಿದ್ದು.)

ಬಸ್ಸು ಹತ್ತುವ ಮುಂಚೆ ಒಂದು ಪ್ರಶ್ನೆ ಕೇಳಿದರು.

"ಅಲ್ಲ ಮಗಾ, ಸತ್ತೋರು ಸಿಗ್ತಾರೆ ಅಂದ್ರಲ್ಲ ಪಾದ್ರಿ. ಏಸಪ್ಪನ ಹೆಸ್ರೇ ಹೇಳ್ದೆ ಇರೋರ್ನೂ ಅಲ್ಲಿಗೆ ಬುಟ್ಕತ್ತಾರಾ? ನಿಮ್ ದೊಡ್ಡಪ್ಪ ಮುನೇಶ್ವರನ್ನ ಬುಟ್ರೆ ಬ್ಯಾರೆಯೋರ್ಗೆ ಕೈ ಮುಗ್ದೋರಲ್ಲ."

ನನಗೇನು ಗೊತ್ತು? ನಮ್ಮ ಸ್ವರ್ಗದ ವಿಳಾಸವೇ ನನಗೆ ಸರಿಯಾಗಿ ಗೊತ್ತಿಲ್ಲ. "ಕೇಳ್ಕೊಂಡು ಹೇಳ್ತೀನಿ ದೊಡ್ಡಮ್ಮ" ಅಂದೆ. (ಗ್ಯಾಸ್ ಸಿಲಿಂಡರ್ ವಿಚಾರ ನೋಡಿ, ಕೇಳಿಕೊಂಡು ಹೇಳುವುದಕ್ಕೆ.)

ವಾಪಸ್ ಹಾಲ್‌ಗೆ ಹೋದರೆ ಪಾಸ್ಟರ್ ಸಿನಿಮಾ ನಿಲ್ಲಿಸಿ ಇನ್ನೂ ಪಾಠ ಹೇಳುತ್ತಿದ್ದರು, ಕೊನೆಯ ಭಾಗಕ್ಕೆ ಕೂತೆ. ಹೀರೋ ಬರುವುದೇ ಇಲ್ಲ. ಬರುತ್ತಾನೆ, ಬರುತ್ತಾನೆ ಅಂತ ಕಾದು ಹೆಂಡತಿ ಮುದುಕಿಯಾಗಿ ಕಣ್ಣು ಮುಚ್ಚುತ್ತಾಳೆ. ಆಮೇಲೆ ಹೊಳೆಯ ಆಚೆ ದಡದಲ್ಲಿ ಅವನು ನಿಂತಿರುತ್ತಾನೆ, ಅದೇ ವಯಸ್ಸು, ಅದೇ ಅಂಗಿ. "ಕಾಣದೇ ಇರೋದನ್ನ ನಂಬಿದಳು, ಸಿಕ್ತು. ಇದೇ ನಿತ್ಯಜೀವ" ಅಂದರು ಪಾಸ್ಟರ್. ಎಲ್ಲರೂ ಹೋದ ಮೇಲೆ ದೊಡ್ಡಮ್ಮನ ಪ್ರಶ್ನೆ ಅವರ ಮುಂದಿಟ್ಟೆ. ಅವರು ಪ್ರೊಜೆಕ್ಟರ್ ವೈರು ಸುತ್ತುತ್ತಾ ಹೇಳಿದರು.

"ನಾನು ಕಲಿತಿರೋ ಉತ್ತರ ಒಂದಿದೆ ಮೇಡಂ. ನಿಮ್ಮ ದೊಡ್ಡಮ್ಮನ ಮುಖ ನೋಡಿದ ಮೇಲೆ ಅದನ್ನ ಹೇಳೋಕೆ ಬಾಯಿ ಬರ್ತಿಲ್ಲ. ಸ್ವರ್ಗದ ಬಾಗಿಲು ಕಾಯೋ ಕೆಲಸ ನನಗೆ ಕೊಟ್ಟಿಲ್ಲ ಬಿಡಿ."

ಅವರಿಗೂ ಗೊಂದಲ.

ಬೆಳಗ್ಗೆ ದೊಡ್ಡಮ್ಮನ ಫೋನ್. ಪಾದ್ರಿಯ ಉತ್ತರ ಕೇಳುತ್ತಾರೆ ಅಂದುಕೊಂಡರೆ ಅವರು ಬೇರೆಯೇ ಕೇಳಿದರು. "ಕೊನೆಗೆ ಅವ್ನು ಬಂದ್ನಾ?"

ಇಲ್ಲ ಅನ್ನಲೇ? ಹಾಗಂದರೆ ತೀರಿಹೋದ ದೊಡ್ಡಪ್ಪನನ್ನು ಸುಳ್ಳುಗಾರನನ್ನಾಗಿ ಮಾಡಿದಂತೆ. ಬಂದ ಅನ್ನಲೇ? ಆಚೆ ದಡದಲ್ಲಿ ನಿಂತವನು ಬಂದ ಹಾಗಾಯಿತೇ?

"ಸಿಕ್ಕಿದ, ದೊಡ್ಡಮ್ಮ" ಅಂದೆ.

"ಮತ್ತೆ? ನಿಮ್ ದೊಡ್ಡಪ್ಪ ಅವತ್ತೇ ಹೇಳಿದ್ರು. ಅವ್ರೂ ಸಿಗ್ತಾರೆ ಬುಡು" ಅಂದು ಫೋನ್ ಇಟ್ಟರು.

ಶುಭಂವರೆಗೂ ಕೂತು ನೋಡಿದವಳು ನಾನು. ಹಾಗಿದ್ದ ಮೇಲೆ ನಂಬಿಕೆ ಯಾಕೆ ಅರ್ಧಕ್ಕೇ ಎದ್ದು ಬಸ್ಸು ಹತ್ತಿದವರ ಹತ್ತಿರ ಇದೆ?